ರೈತನ ಮಗಳು ಎಂಬ ಕಾಗದ

ದೀಪಿಕಳಿಗೆ ಸಾಮೆ ಯಾವುದು, ಕೊರಲೆ ಯಾವುದು ಗೊತ್ತಿರಲಿಲ್ಲ. ಸೆಣಬಿನ ಬೀಜ ತೋರಿಸಿದರೆ ಹುರುಳಿ ಅಂದಳು. ಯೂರಿಯಾ ತೋರಿಸಿದರೆ ಸಬ್ಬಕ್ಕಿ ಅಂದು ತಾನೇ ನಕ್ಕಳು. ಅವಳಪ್ಪ ಪುಟ್ಟಸ್ವಾಮಿಗೆ ಹದಿನಾಲ್ಕು ಎಕರೆ ಗದ್ದೆ. ಹಾಗಾಗಿ ಅವಳು ರೈತನ ಮಗಳು. ಹಾಗೆಂದು ಸೀಲು ಬಿದ್ದ ಕಾಗದ ಅವಳ ಫೈಲಿನಲ್ಲಿತ್ತು.

ನಾನು ಕಣ್ಣು ಮುಚ್ಚಿ ಮುಟ್ಟಿದರೂ ಯಾವ ಬೀಜ ಅಂತ ಹೇಳುತ್ತಿದ್ದೆ. ಆ ಹದಿನಾಲ್ಕು ಎಕರೆಯಲ್ಲಿ ನಾಲೆಯ ಕೊನೆಗಿರುವ ಒಂದೂವರೆ ಎಕರೆಯನ್ನು ಇಪ್ಪತ್ತಮೂರು ವರ್ಷದಿಂದ ವಾರಕ್ಕೆ ಮಾಡುತ್ತಿದ್ದವನು ನಮ್ಮಪ್ಪ ಹುಚ್ಚೀರಯ್ಯ. ಬೆಳೆದದ್ದರಲ್ಲಿ ಅರ್ಧ ಪುಟ್ಟಸ್ವಾಮಿ ಗೌಡನಿಗೆ, ಅರ್ಧ ನಮಗೆ. ಗೊಬ್ಬರ ನಮ್ಮದು, ಮೈ ನಮ್ಮದು. ಇದಕ್ಕೆ ಒಂದು ಚೀಟಿಯೂ ಇಲ್ಲ. ಅಪ್ಪ ಕೇಳಿರಲಿಲ್ಲ, ಗೌಡ ಕೊಟ್ಟಿರಲಿಲ್ಲ.

ನಮ್ಮೂರು ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿದೆ. ಊರಿಗೆ ಒಂದು ಸ್ಟಾಪು, ಕೇರಿಗೆ ಇನ್ನೊಂದು. ನಡುವೆ ಇನ್ನೂರು ಹೆಜ್ಜೆ. ನಾನೂ ದೀಪಿಕಳೂ ಒಂದೇ ವರ್ಷ ಪಿಯುಸಿ ಮುಗಿಸಿದೆವು. ಅವಳಿಗೆ ಮಂಡ್ಯದಲ್ಲಿ ಕೋಚಿಂಗು ಇತ್ತು. ನನಗೆ ಹಾಸ್ಟೆಲಿನ ಲೈಬ್ರರಿ ಇತ್ತು, ರಜೆಯಲ್ಲಿ ಗದ್ದೆ ಇತ್ತು. ಇಬ್ಬರೂ ಸಿಇಟಿ ಬರೆದೆವು. ಅವಳ ರ‍್ಯಾಂಕೂ ಕೆಳಗೆ, ನನ್ನ ರ‍್ಯಾಂಕೂ ಕೆಳಗೆ.

ನಮಗೆ ಜೀವಶಾಸ್ತ್ರ ಹೇಳುತ್ತಿದ್ದ ಸುನಿತಾ ಮೇಡಂ ನನ್ನನ್ನು ಕರೆದು ಹೇಳಿದರು. ‘ಈ ರ‍್ಯಾಂಕಿಗೆ ನಿನ್ನ ಕೆಟಗರಿಯಲ್ಲೂ ಬಿಎಸ್ಸಿ ಅಗ್ರಿ ಬರಲ್ಲ ಅನು. ಆದರೆ ರೈತರ ಮಕ್ಕಳಿಗೆ ಅಂತ ಬೇರೆ ಸೀಟಿದೆ. ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ಕಳೆ, ಪೈರು, ಹುಳ, ಎಲ್ಲ ಮುಂದೆ ಇಟ್ಟು ಇದೇನು ಅಂತ ಕೇಳ್ತಾರೆ. ನೀನು ಅದನ್ನ ಬರೆದರೆ ಸೀಟು ನಿನ್ನದೇ.’

ಆಮೇಲೆ ಕೇಳಿದರು. ‘ಜಮೀನು ಯಾರ ಹೆಸರಲ್ಲಿದೆ?’

ನನ್ನ ಅಣ್ಣ ನಾಗೇಶ್ ಎಂ.ಎ. ಮಾಡಿದ್ದಾನೆ. ಮದ್ದೂರಿನ ಹತ್ತಿರದ ಒಂದು ಆಲೆಮನೆಯಲ್ಲಿ ಕೊಪ್ಪರಿಗೆಯ ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಾನೆ. ಅವನ ಮುಂಗೈಯ ಕೂದಲು ಸುಟ್ಟು ಎರಡು ವರ್ಷವಾಯಿತು. ಕೇರಿಯಲ್ಲಿ ಯಾರ ಮಗು ಹತ್ತನೇ ಕ್ಲಾಸು ಮುಗಿಸಿದರೂ ಅವನನ್ನು ಕೇಳುತ್ತಾರೆ. ಯಾವುದು ಓದಿದರೆ ಕೆಲಸ ಸಿಗುತ್ತದೆ? ಎಷ್ಟು ವರ್ಷ? ಓದದೆ ಇದ್ದರೆ ಏನಾಗುತ್ತದೆ? ಕೇಳಿ, ಅವನ ಕೈ ನೋಡಿ, ಉತ್ತರ ಬೇಡ ಅನ್ನುವ ಹಾಗೆ ಹೋಗುತ್ತಾರೆ. ಪಕ್ಕದ ಮನೆಯ ಮರಿತಾಯಮ್ಮ ಮಾತ್ರ ಜಗಲಿಯ ಮೇಲೆ ಕೂತು ಬಾಯಿಬಿಟ್ಟು ಹಂಗಿಸುತ್ತಾಳೆ.

‘ನಾಗೇಸಾ, ಯಾವ್ ಡಿಗ್ರಿ ಮಾಡುದ್ರೆ ಬೆಲ್ಲ ಬೇಗ ಗಟ್ಟಿಯಾಯ್ತದ್ಲಾ?’

‘ಎಂಎ ಮಾಡ್ಬೇಕು ಕಣತ್ತೆ. ಬಿಎಗೆ ಪಾಕನೇ ಬರಾಕಿಲ್ಲ.’

ಇತಿಹಾಸ ಯಾಕೆ ತಗೊಂಡೆ ಅಂತ ನಾನು ಒಮ್ಮೆ ಅವನನ್ನು ಕೇಳಿದ್ದೆ. ಹಾಸ್ಟೆಲಿನಿಂದ ನಡೆದು ಹೋಗುವಷ್ಟು ದೂರದ ಕಾಲೇಜಿನಲ್ಲಿ ಅದೊಂದೇ ಸೀಟು ಉಳಿದಿತ್ತಂತೆ. ಅವನನ್ನು ಯಾರೂ ಏನು ಬೇಕು ಅಂತ ಕೇಳಲಿಲ್ಲ. ಏನು ಉಳಿದಿದೆ ಅಂತ ಹೇಳಿದರು. ನನಗೆ ಅವನು ಹೇಳಿದ್ದು ಇಷ್ಟು. ‘ಅಗ್ರಿ ಬುಡಬ್ಯಾಡ. ನಿಂಗೆ ಗೊತ್ತಿರೋದ್ನೇ ಕಲಿಸ್ತಾರೆ, ಅದ್ರ ಮ್ಯಾಲೆ ಡಿಗ್ರಿನೂ ಕೊಡ್ತಾರೆ. ನಮ್ಮಂತೋರ್ಗೆ ಅಂತದ್ದು ಇನ್ನೊಂದಿಲ್ಲ.’

ಗ್ರಾಮ ಲೆಕ್ಕಿಗ ಒಳ್ಳೆಯ ಮನುಷ್ಯ. ಪಹಣಿ ಇಲ್ಲದಿದ್ದರೆ ಜಮೀನಿನ ಯಜಮಾನನಿಂದ ಒಂದು ಕಾಗದ ತನ್ನಿ ಅಂದ. ಹುಚ್ಚೀರಯ್ಯ ನನ್ನ ಜಮೀನು ಉಳುತ್ತಾನೆ ಅಂತ ಎರಡು ಸಾಲು ಸಾಕು, ಮಿಕ್ಕಿದ್ದು ತಾನು ಬರೆಯುತ್ತೇನೆ, ಮೇಲಿನವರಿಗೂ ಹೇಳುತ್ತೇನೆ ಅಂದ. ಅರ್ಜಿಯ ಕಡೆಯ ದಿನಕ್ಕೆ ಇನ್ನು ಹದಿನೈದು ದಿನವಿತ್ತು.

ಅಪ್ಪ ಗೌಡನ ಮನೆಯ ಮುಂದೆ ಹೋಗಿ ನಿಂತ. ಹೆಗಲ ಟವಲು ಕಂಕುಳಿಗೆ ಬಂತು. ನಾನು ಅವನ ಹಿಂದೆ ನಿಂತೆ.

ಪುಟ್ಟಸ್ವಾಮಿ ಕೇಳಿಸಿಕೊಂಡ. ಎದ್ದು ಬಂದು ಅಪ್ಪನ ಹತ್ತಿರವೇ ನಿಂತ. ‘ನಿನ್ ಮಗ್ಳು ಬ್ಯಾರೆ ಅಲ್ಲ, ನನ್ ಮಗ್ಳು ಬ್ಯಾರೆ ಅಲ್ಲ ಕಣ್ಲಾ. ಏನ್ ಬೇಕಾರೂ ಕೇಳು. ಕಾಗ್ದ ಒಂದ್ ಕೇಳ್ಬ್ಯಾಡ.’

‘ಮಗಿ ಓದ್ತದೆ ಬುದ್ಧಿ. ಎಲ್ಡು ಸಾಲು ಸಾಕಂತೆ.’

‘ನಮ್ಮಪ್ಪ ಹಿಂಗೇ ಕರುಣೆ ತೋರ್ಸಿ ಮೂರೆಕ್ರೆ ಕಳ್ಕಂಡ. ಉಳೋನ್ದೇ ಭೂಮಿ ಅಂತ ಬಂತಲ್ಲ, ಆಗ. ವಾರಕ್ಕೆ ಮಾಡ್ತಿದ್ದೋನು ಒಂದ್ ಚೀಟಿ ತೋರ್ಸಿ ಬರೆಸ್ಕಂಡು ಹೋದ. ಅವತ್ತಿಂದ ನಮ್ ಮನೇಲಿ ಯಾರೂ ಕಾಗ್ದ ಕೊಟ್ಟಿಲ್ಲ.’

ಅಷ್ಟರಲ್ಲಿ ಅವನ ತಾಯಿ ಸಣ್ಣತಾಯಮ್ಮ ಬಾಗಿಲಿಗೆ ಬಂದಳು. ಆ ಮನೆಯಲ್ಲಿ ಅವಳದೇ ಮಾತು. ನನ್ನನ್ನು ತಲೆಯಿಂದ ಕಾಲವರೆಗೆ ನೋಡಿದಳು. ‘ಕಾಗ್ದ ತಾನೆ, ಕೊಡನ ಬುಡು ಪುಟ್ಟ. ಇವ್ಳು ನಮ್ ದೀಪುಗೆ ಒಸಿ ಬೀಜಗೀಜ ಹೇಳ್ಕೊಡ್ಲಿ. ಅದೂ ಅದೇ ಪರೀಕ್ಸೆ ಕಟ್ಟದೆ. ಪ್ಯಾಟೆಲಿ ಬೆಳ್ದಿದ್ದು, ಗೆದ್ದೆ ಬದಿನ ಮ್ಯಾಲೆ ನಡೆಯಾಕೂ ಬರಾಕಿಲ್ಲ.’

ಪುಟ್ಟಸ್ವಾಮಿ ತಾಯಿಯ ಮುಖ ನೋಡಿದ. ಆಮೇಲೆ ‘ಸರಿ, ಕೊಡನ’ ಅಂದ.

ಅಪ್ಪ ಕೈ ಮುಗಿದ. ದಾರಿಯಲ್ಲಿ ಎರಡು ಸಲ ಹೇಳಿದ. ‘ಮಾತ್ ಕೊಟ್ಟವ್ರೆ ಕಣವ್ವ.’ ಅವನಿಗೆ ಕಾಗದ ಬೇಕಾಗಿತ್ತು, ಸಿಕ್ಕಿದ್ದು ಮಾತು. ಅವನ ಜೀವನದಲ್ಲಿ ಎರಡೂ ಒಂದೇ ಆಗಿತ್ತು.

ಮರುದಿನದಿಂದ ನನ್ನ ಕೆಲಸ ಶುರುವಾಯಿತು. ಬೆಳಿಗ್ಗೆ ಅಪ್ಪನ ಜೊತೆ ಒಟ್ಲು. ನಾಟಿಗೆ ಮೊದಲು ಭತ್ತದ ಸಸಿ ಎಬ್ಬಿಸುವ ಸಣ್ಣ ಮಡಿಗೆ ನಮ್ಮಲ್ಲಿ ಒಟ್ಲು ಅನ್ನುತ್ತಾರೆ. ಹಳ್ಳದ ನೀರು ಹೊತ್ತು ಕೆಸರು ತುಳಿದು, ಮಟ್ಟ ಮಾಡಿ, ಮೊಳಕೆ ಭತ್ತ ಚೆಲ್ಲಿ, ಹಕ್ಕಿ ಕಾಯಬೇಕು. ಕಾಲ ಬೆರಳ ಸಂದಿ ಕೊಳೆತು ಉರಿಯುತ್ತಿತ್ತು. ಮಧ್ಯಾಹ್ನ ತೊಳೆದುಕೊಂಡು ಗೌಡನ ಮನೆಗೆ. ಮುಂಬಾಗಿಲಿಂದಲ್ಲ. ಸಂದಿಯಲ್ಲಿ ಹೋದರೆ ಹಿತ್ತಿಲು, ಕೊಟ್ಟಿಗೆ, ಸಿಮೆಂಟಿನ ಕಟ್ಟೆ. ನಾನು ಕಟ್ಟೆಯ ಮೇಲೆ. ದೀಪಿಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಟೀ ಪೇಪರ್ ಲೋಟದಲ್ಲಿ ಬರುತ್ತಿತ್ತು. ಮೊದಲಿದ್ದ ಹಾಗೆ ಕೊಟ್ಟಿಗೆಯ ಗೂಡಿನಲ್ಲಿ ಬೇರೆ ಲೋಟ ಇಡುವ ಕೆಲಸ ಈಗ ಯಾರಿಗೂ ಇಲ್ಲ. ಪೇಪರ್ ಲೋಟದಿಂದ ಎಲ್ಲರ ಮಾನ ಉಳಿದಿದೆ.

ದೀಪಿಕ ಕೆಟ್ಟವಳಲ್ಲ. ದಡ್ಡಿಯೂ ಅಲ್ಲ. ಮುಟ್ಟುತ್ತಿರಲಿಲ್ಲ ಅಷ್ಟೆ. ಮೊದಲ ದಿನ ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಫೋಟೋದಲ್ಲಿ ಎಲ್ಲ ಬೀಜವೂ ಒಂದೇ ಅಳತೆ.

‘ಫೋಟೋ ಬುಡು. ಕೈಗೆ ತಗೋ. ಉಜ್ಜು. ಸಾಮೆ ಜಾರ್ತದೆ. ನವಣೆ ಜಾರಲ್ಲ.’

‘ಎರಡೂ ಜಾರ್ತಾವೆ ಕಣೆ.’

‘ನಿನ್ ಕೈಗೆ ಕ್ರೀಮ್ ಅದೆ. ತೊಳ್ಕೊಂಡ್ ಬಾ.’

ಅವಳು ನಗುತ್ತಾ ಹೋಗಿ ತೊಳೆದುಕೊಂಡು ಬಂದಳು. ಐದನೇ ದಿನಕ್ಕೆ ಹನ್ನೆರಡು ಧಾನ್ಯ ಬಂತು. ಏಳನೇ ದಿನಕ್ಕೆ ಗೊಬ್ಬರ ಬಂತು. ಭತ್ತದ ಪೈರಿನಂತೆಯೇ ಕಾಣುವ ಕಳೆಯನ್ನು ಬುಡ ಮುಟ್ಟಿ ಹೇಳುವುದನ್ನೂ ಕಲಿತಳು. ಅವಳು ಒಂದೊಂದು ಸರಿ ಹೇಳಿದಾಗಲೂ ನನಗೆ ನನ್ನ ಕಾಗದ ಒಂದು ಗೇಣು ಹತ್ತಿರ ಬಂದ ಹಾಗೆ ಅನಿಸುತ್ತಿತ್ತು. ಇದನ್ನು ಬರೆಯಲು ನನಗೆ ನಾಚಿಕೆ. ಆದರೆ ಅನಿಸಿದ್ದು ನಿಜ.

ಕಾಗದ ಮಾತ್ರ ಬರಲಿಲ್ಲ. ಕೇಳಿದರೆ ನಾಳೆ. ಪುಟ್ಟಸ್ವಾಮಿ ಮಂಡ್ಯಕ್ಕೆ ಹೋಗಿದ್ದ. ಪುಟ್ಟಸ್ವಾಮಿಗೆ ತಲೆನೋವು. ಅಮಾವಾಸ್ಯೆ ಕಳೀಲಿ.

ಕಡೆಯ ದಿನಕ್ಕೆ ಒಂದೇ ದಿನ ಉಳಿದಾಗ ಅಪ್ಪನೂ ನಾನೂ ಗ್ರಾಮ ಲೆಕ್ಕಿಗನ ಹತ್ತಿರ ಹೋದೆವು. ಗೌಡರ ಕಾಗದ ನಾಳೆ ಬರುತ್ತದೆ, ಅಷ್ಟರಲ್ಲಿ ಮಿಕ್ಕಿದ್ದು ಬರೆದಿಡಿ ಅಂತ ಕೇಳಲು. ಅವನು ಅಪ್ಪನನ್ನು ಹೊಸಬನಂತೆ ನೋಡಿದ. ಬೀರುವಿನಿಂದ ಒಂದು ಹಾಳೆ ತೆಗೆದ.

‘ಗೌಡ್ರು ನಾಲ್ಕು ದಿನದ ಹಿಂದೇನೇ ಇದನ್ನ ಕೊಟ್ಟು ಹೋದ್ರು. ನೀನೇ ಬರ್ಕೊಟ್ಟಿದ್ದೀಯಲ್ಲಯ್ಯ. ಇದು ಇದ್ದ ಮೇಲೆ ನಾನು ಏನಂತ ಬರೀಲಿ?’

ನಾನು ಓದಿದೆ. ಹುಚ್ಚೀರಯ್ಯ ಆದ ನಾನು ಪುಟ್ಟಸ್ವಾಮಿಯವರಲ್ಲಿ ದಿನಗೂಲಿಯಾಗಿ ಮಾತ್ರ ಕೆಲಸ ಮಾಡಿರುತ್ತೇನೆ. ಅವರ ಜಮೀನಿನ ಉಳುಮೆಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ, ಹಿಂದೆಯೂ ಇರಲಿಲ್ಲ. ಕೆಳಗೆ ಅಪ್ಪನ ಸಹಿ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸ್ಲೇಟಿನ ಮೇಲೆ ಕಲಿಸಿದ್ದ ಸಹಿ. ಅದಕ್ಕೆ ಮೊದಲು ಅವನು ಹೆಬ್ಬೆಟ್ಟು ಒತ್ತುತ್ತಿದ್ದ.

‘ಇನ್ನೊಂದ್ ಸಲ ಓದವ್ವ’ ಅಂದ ಅಪ್ಪ.

ಓದಿದೆ. ಅವನು ಹೊರಗೆ ಬಂದು ಗೋಡೆಗೆ ಒರಗಿ ಕೂತ.

‘ಯಾವತ್ತು ಹಾಕ್ದೆ?’

‘ಮೊನ್ನೆ ಸುಕ್ರವಾರ. ನಂಗೆ ದೈರ್ಯ ಬರ್ಲಿ, ಇದ್ಕೊಂದು ಸಹಿ ಹಾಕ್ಬುಡು, ಆಮೇಲೆ ನಿಮ್ ಕಾಗ್ದ ಕೊಡ್ತೀನಿ ಅಂದ್ರು. ಒಂದ್ ಕೊಟ್ಟು ಒಂದ್ ಈಸ್ಕಳದು ಅನ್ಕಂಡೆ.’

‘ನಾನು ಹಿತ್ತಲಲ್ಲೇ ಇದ್ನಲ್ಲಪ್ಪ. ಹತ್ತು ಹೆಜ್ಜೆ. ಕರೀಬಾರ್ದಾಗಿತ್ತಾ?’

‘ಕರೀತೀನಿ ಅಂದೆ. ಓದೋ ಮಕ್ಳ ಎಬ್ಬಿಸ್ಬ್ಯಾಡ, ದೀಪು ಕಲೀತಾ ಅವ್ಳೆ ಅಂದ್ರು.’

ನನಗೆ ಆ ಶುಕ್ರವಾರ ನೆನಪಿದೆ. ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಡಯಂಚಕ್ಕೂ ಸೆಣಬಿಗೂ ವ್ಯತ್ಯಾಸ ಹೇಳುತ್ತಿದ್ದೆ. ಮುಂದಿನ ಜಗಲಿಯಲ್ಲಿ ಅಪ್ಪ ಕೆಮ್ಮಿದ್ದು ಕೇಳಿಸಿತ್ತು. ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಾನೆ ಅಂದುಕೊಂಡಿದ್ದೆ.

ಮನೆಗೆ ಬಂದಾಗ ಅವ್ವ ಚಿಕ್ಕಲಕ್ಷ್ಮಮ್ಮ ಒಲೆಯ ಮುಂದಿದ್ದಳು. ನಾನೇ ಹೇಳಿದೆ. ಅವಳು ಅಪ್ಪನನ್ನು ಬೈಯಲಿಲ್ಲ. ಮುದ್ದೆ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ಕೇಳಿದಳು. ‘ಆ ಸೀಟು ಓಯ್ತಾ?’

‘ಓಯ್ತು.’

‘ದುಡ್ ಕೊಟ್ರೆ?’

‘ದುಡ್ಡಿಗಲ್ಲ ಕಣವ್ವ ಅದು. ಅಪ್ಪ ರೈತ ಅಂತ ಬರೀಬೇಕು.’

ಅವ್ವ ಮುದ್ದೆಯ ಕೈಯನ್ನೇ ನೋಡುತ್ತಾ ಕೂತಳು. ‘ಅಂಗಾರೆ ಇಷ್ಟ್ ವರ್ಸ ನಾವು ಏನಾಗಿದ್ದೋ?’

ನಾನು ಮತ್ತೆ ಗೌಡನ ಹಿತ್ತಿಲಿಗೆ ಹೋಗಲಿಲ್ಲ. ಪರೀಕ್ಷೆ ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ. ಆ ದಿನ ಬೆಳಿಗ್ಗೆ ಕೇರಿಯ ಸ್ಟಾಪಿನಲ್ಲಿ ಕಾರು ನಿಂತು ಹಾರ್ನ್ ಹೊಡೆಯಿತು. ನಾನು ಹೊರಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ದೀಪಿಕಳೇ ಬಂದಳು. ಹುಟ್ಟಿದಾರಭ್ಯ ಅವಳು ನಮ್ಮ ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಯಾವ ಮನೆ ಅಂತ ಮರಿತಾಯಮ್ಮನನ್ನು ಕೇಳಿಕೊಂಡು ಬಂದಳು. ಹೊಸ ಚೂಡಿದಾರ. ಹಣೆಯಲ್ಲಿ ಕುಂಕುಮ.

‘ಬಾರೆ ಅನು. ಅಜ್ಜಿ ಕರ್ಕೊಂಡ್ ಬಾ ಅಂದ್ರು. ಕಾರಲ್ಲಿ ಒಂದ್ಸಲ ಎಲ್ಲಾ ಹೇಳ್ಬಿಡು.’

‘ನಂಗೆ ಗೊತ್ತಿಲ್ಲ.’

‘ಏನು?’

‘ಬೀಜ. ನಂಗೆ ಬೀಜ ಗೊತ್ತಿಲ್ಲ. ನಮ್ಮಪ್ಪ ಉಳೋನಲ್ಲ, ಹಿಂದೆಯೂ ಉಳ್ತಿರ್ಲಿಲ್ಲ. ನಿಮ್ಮಪ್ಪ ಬರೆಸ್ಕಂಡವ್ರೆ. ಕೂಲಿಯವನ ಮಗ್ಳಿಗೆ ಅವೆಲ್ಲ ಹೆಂಗ್ ಗೊತ್ತಾಯ್ತದೆ?’

ಅವಳಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ. ಪೂರ್ತಿ ಹೇಳಿದೆ, ಕೂಗದೆ. ಅವಳ ಕಣ್ಣು ಕೆಂಪಾಯಿತು. ‘ನಂಗೆ ಗೊತ್ತಿರ್ಲಿಲ್ಲ ಕಣೆ’ ಅಂದಳು.

‘ಈಗ ಗೊತ್ತಾಯ್ತಲ್ಲ.’

ಹಾರ್ನ್ ಮತ್ತೆ ಆಯಿತು. ಅವಳು ಬಾಗಿಲಲ್ಲೇ ನಿಂತಿದ್ದಳು. ನಾನು ಏನಾದರೂ ಹೇಳುತ್ತೇನೆ, ಪರವಾಗಿಲ್ಲ ಅನ್ನುತ್ತೇನೆ ಅಂತ ಕಾದಳು. ನಾನು ಅನ್ನಲಿಲ್ಲ. ಮೂರನೇ ಹಾರ್ನಿಗೆ ಹೋದಳು. ಪರೀಕ್ಷೆ ಬರೆದಳು. ಚೆನ್ನಾಗಿಯೇ ಬರೆದಳು. ಅವಳಿಗೆ ಸೀಟು ಸಿಕ್ಕಿತು. ಹೇಳಿಕೊಟ್ಟವಳು ನಾನು, ಸಿಗದೆ ಏನು?

ಮುಂದಿನ ವಾರ ನಾಲೆಗೆ ನೀರು ಬಿಟ್ಟರು. ಇಪ್ಪತ್ತಮೂರು ವರ್ಷ ನೀರು ಬಂದ ದಿನ ಅಪ್ಪ ಮನೆಯಲ್ಲಿದ್ದದ್ದನ್ನು ಯಾರೂ ನೋಡಿಲ್ಲ. ಕೊನೆಯ ಗದ್ದೆಗೆ ನೀರು ಹತ್ತಬೇಕಾದರೆ ಮೇಲಿನವರ ಜೊತೆ ಜಗಳವಾಡಬೇಕು, ತೂಬಿನ ಹತ್ತಿರ ಕಾವಲು ಕೂರಬೇಕು, ಒಡೆದ ಬದುವಿಗೆ ಮೈಯನ್ನೇ ಅಡ್ಡ ಕೊಡಬೇಕು. ಆ ದಿನ ಅವನು ಜಗಲಿಯ ಮೇಲೆ ಕೂತಿದ್ದ. ಎರಡು ಕೈಯನ್ನೂ ಮೊಣಕಾಲ ನಡುವೆ ಇಟ್ಟುಕೊಂಡಿದ್ದ.

ಹನ್ನೊಂದು ಗಂಟೆಗೆ ಪುಟ್ಟಸ್ವಾಮಿಯ ಬೈಕು ಕೇರಿಗೆ ಬಂತು. ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ಕೂಗಿದ.

‘ಲೇ ಹುಚ್ಚೀರ, ನೀರು ಹರಿದು ಹೋಯ್ತಾ ಅದೆ, ಒಟ್ಲು ಬಾಡ್ತಾ ಅದೆ. ಮೈಗೆ ಹುಸಾರಿಲ್ವೇನ್ಲಾ?’

‘ಚೆನ್ನಾಗಿವ್ನಿ ಬುದ್ಧಿ.’

‘ಮತ್ತೆ?’

‘ಕೂಲಿಗೆ ಕರೆದ್ರೆ ಬತ್ತೀನಿ. ಒಂಬತ್ ಗಂಟೆಗೆ ಬಂದು ಐದ್ ಗಂಟೆಗೆ ಓಯ್ತೀನಿ.’

ಪುಟ್ಟಸ್ವಾಮಿ ನಕ್ಕ. ಕೇರಿಯ ಹೆಂಗಸರು ಬಾಗಿಲಿಗೆ ಬಂದಿದ್ದರು. ಅಪ್ಪ ನಗಲಿಲ್ಲ. ಗೌಡನ ನಗು ನಿಂತಿತು.

‘ಏನ್ ಕೂಲಿಲಾ? ನಿನ್ ಗದ್ದೆ ಕಣೋ ಅದು! ನೀನ್ ಮಾಡ್ದೆ ಇನ್ಯಾರ್ಲಾ ಮಾಡ್ತಾರೆ?’

ಇಪ್ಪತ್ತಮೂರು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಅಪ್ಪ ಎದ್ದು ನಿಂತ. ಟವಲು ಹೆಗಲ ಮೇಲೆಯೇ ಇತ್ತು.

‘ಅದ್ನೇ ಬರ್ಕೊಡಿ’ ಅಂದ.

ಪುಟ್ಟಸ್ವಾಮಿಯ ಮುಖಕ್ಕೆ ರಕ್ತ ಏರಿತು. ‘ಮಕ್ಳು ನಾಲ್ಕಕ್ಸರ ಓದಿದ್ ತಕ್ಸಣ ಕೊಬ್ಬು ಬಂತೇನ್ಲಾ? ಮಗ ಎಂಎ ಮಾಡಿ ಏನ್ ಕಿತ್ ಗುಡ್ಡೆ ಹಾಕ್ದ? ಇವ್ಳ ಸೇರ್ಸು ಯಾವುದಾರ ಬಿಎಗೆ. ನಾನೇ ಫೀಜು ಕಟ್ತಿದ್ದೆ, ನಿನ್ ಯೋಗ್ತೆಗೆ ಅದೂ ಇಲ್ಲ.’

‘ಇಲ್ಲ ಬುದ್ಧಿ. ನಂಗೆ ಯಾವ್ದೂ ಇಲ್ಲ. ಓದ್ಸಿ ಕೇಳಿವ್ನಿ, ಎಲ್ಡು ಸಲ.’

ಬೈಕು ತಿರುಗಿತು. ‘ಗೆದ್ದೆಗೆ ಇನ್ ಕಾಲಿಕ್ಬ್ಯಾಡ’ ಅಂತ ಕೂಗಿಕೊಂಡು ಹೋಯಿತು. ಮರಿತಾಯಮ್ಮ ಬೈಕಿನ ಹಿಂದೆ ಉಗಿದಳು. ‘ಸಾಯ್ಲಿ ಬುಡ್ಲಾ ಹುಚ್ಚೀರ’ ಅಂದಳು. ಅಪ್ಪ ಮತ್ತೆ ಕೂತ.

ಮಧ್ಯಾಹ್ನದ ಬಿಸಿಲು ಏರಿದ ಮೇಲೆ ಅವ್ವ ತಡೆಯಲಾರದೆ ಕೊಡ ಎತ್ತಿಕೊಂಡಳು. ‘ಒಟ್ಲು ಏನ್ ಪಾಪ ಮಾಡಿತ್ತು? ಗೇಣುದ್ದ ಬಂದದೆ. ಎಲ್ಡು ಕೊಡ ಉಯ್ದು ಬಂದ್ಬುಡ್ತೀನಿ.’

‘ಬ್ಯಾಡ.’

‘ನೀನೇ ಚೆಲ್ಲಿದ್ ಬೀಜ ಕಣಯ್ಯ.’

‘ಬ್ಯಾಡ ಅಂದೆ ಕಣಮ್ಮಿ.’

ಅವ್ವ ಕೊಡ ಇಳಿಸಿದಳು. ಅಪ್ಪ ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಅಲುಗುತ್ತಿತ್ತು. ನಮ್ಮಪ್ಪ ಅತ್ತದ್ದನ್ನು ನಾನು ನೋಡಿದ್ದು ಅಷ್ಟೇ, ಅದೂ ಹಿಂದಿನಿಂದ.

ಮೂರನೇ ದಿನ ಕೇರಿಯ ಕೆಂಪಯ್ಯ ಬಂದ. ಅವನಿಗೂ ಜಮೀನಿಲ್ಲ. ಬಾಗಿಲಲ್ಲಿ ನಿಂತು ನೆಲ ಕೆರೆದ. ‘ಗೌಡ್ರು ಕರೆದ್ರು ಕಣಣ್ಣ. ನೀನ್ ಬ್ಯಾಡ ಅಂದ್ರೆ ನಾನ್ ಓಗಾಕಿಲ್ಲ.’

‘ಓಗು. ಮೂರ್ ಮಕ್ಳವೆ ನಿಂಗೆ’ ಅಂದ ಅಪ್ಪ. ‘ಕಾಗ್ದ ಮೊದ್ಲು ಈಸ್ಕೋ.’

ಅವನು ಕೇಳುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆಮೇಲೆ ಅಪ್ಪ ಅವನನ್ನು ಕೂರಿಸಿಕೊಂಡು ಗದ್ದೆ ಹೇಳಿಕೊಟ್ಟ. ಯಾವ ಮೂಲೆ ಚೌಳು, ಯಾವ ಮೂಲೆ ನೀರು ಕುಡಿಯುತ್ತದೆ, ಯಾವ ಕಡೆ ಸಾಲಿಗೆ ಗೊಬ್ಬರ ಕಡಿಮೆ ಹಾಕಬೇಕು. ಒಂದು ಗಂಟೆ ಹೇಳಿದ. ನಾನು ಒಳಗೆ ಕೂತು ಡಿಗ್ರಿ ಕಾಲೇಜಿನ ಫಾರಂ ತುಂಬುತ್ತಿದ್ದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮೂರರ ಮುಂದೆಯೂ ಖಾಲಿ ಚೌಕ. ಅಣ್ಣ ಬಿ.ಕಾಂ. ಮಾಡು, ಅಂಗಡಿಯಲ್ಲಾದರೂ ಕೂರಬಹುದು ಅಂದಿದ್ದ. ಸುನಿತಾ ಮೇಡಂ ಬಿ.ಎಸ್ಸಿ. ಅಂದಿದ್ದರು. ನನಗೆ ಏನು ಬೇಕಾಗಿತ್ತೋ ಅದರ ಚೌಕ ಆ ಫಾರಂನಲ್ಲಿ ಇರಲಿಲ್ಲ. ಬಿ.ಎಸ್ಸಿ. ಚೌಕದಲ್ಲಿ ಗುರುತು ಹಾಕಿದೆ.

ಈಗ ಅಪ್ಪ ಅಣ್ಣನ ಆಲೆಮನೆಗೆ ಹೋಗುತ್ತಾನೆ. ಕಬ್ಬು ಹೊರುತ್ತಾನೆ. ಐವತ್ತೆರಡು ವರ್ಷದ ಬೆನ್ನು. ಕಾಲೇಜು ಶುರುವಾದ ದಿನ ಇಬ್ಬರೂ ಒಂದೇ ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿದ್ದ ಊರಿನವನೊಬ್ಬ ತಿರುಗಿ ನನ್ನ ಬ್ಯಾಗು ನೋಡಿದ.

‘ಏನ್ ಓದ್ತಾಳ್ಲಾ ಮಗ್ಳು?’

‘ಬಿಯಸ್ಸಿ.’

‘ಅದ್ ಓದುದ್ರೆ ಏನ್ ಕೆಲ್ಸ ಸಿಕ್ತದೆ?’

‘ಕೆಲ್ಸ ಆಗ್ಲೇ ಬತ್ತದೆ ಅವ್ಳಿಗೆ’ ಅಂದ ಅಪ್ಪ. ‘ಕಾಗ್ದ ಕಲಿಯಾಕೆ ಓಯ್ತಾವ್ಳೆ.’

ಆ ಮನುಷ್ಯ ನಕ್ಕು ಮುಂದಕ್ಕೆ ತಿರುಗಿದ. ಬಸ್ಸು ನಾಲೆ ದಾಟಿ ಬಲಕ್ಕೆ ಹೊರಳಿತು. ಗದ್ದೆ ಬಂತು. ಅಪ್ಪ ಕಣ್ಣು ಮುಚ್ಚಿಕೊಂಡ. ನಾನು ನೋಡಿದೆ. ಕೆಂಪಯ್ಯನೂ ಅವನ ಹೆಂಡತಿಯೂ ಬೆನ್ನು ಬಗ್ಗಿಸಿ ನಾಟಿ ಹಾಕುತ್ತಿದ್ದರು. ರಸ್ತೆಯ ಕಡೆಯ ಬದು ಒಂದು ಮೊಳ ಒಡೆದಿತ್ತು. ನೀರು ಹಳ್ಳಕ್ಕೆ ಹೋಗುತ್ತಿತ್ತು. ಅವರು ನೋಡಿರಲಿಲ್ಲ.

ನಾನು ಅಪ್ಪನಿಗೆ ಹೇಳಲಿಲ್ಲ.